ಮೂರು ಚುಕ್ಕೆಯ ಪತಂಗ

ನಮ್ಮ ಮನೆಯ ಫ್ರಿಜ್ಜಿನಲ್ಲಿ ಮೊಟ್ಟೆ ಇಡಲೆಂದು ಮಾಡಿದ ಗುಳಿಗಳಲ್ಲಿ ಮೊಟ್ಟೆ ಇರುವುದಿಲ್ಲ. ಕಿರುಬೆರಳುದ್ದದ ಗಾಜಿನ ಕೊಳವೆಗಳಿರುತ್ತವೆ, ಒಂದೊಂದರಲ್ಲಿ ಒಂದೊಂದು ಪತಂಗ. ತಂಪಿಗೆ ಅವು ರೆಕ್ಕೆ ಮಡಚಿ ಅಲುಗದೆ ಕೂರುತ್ತವೆ. ಆಗ ಫೋಟೊ ತೆಗೆದು, ಹೆಸರು ಹುಡುಕಿ, ಕಿಟಕಿಯಿಂದ ಬಿಟ್ಟುಬಿಡುತ್ತೇನೆ. ಹನ್ನೊಂದು ವರ್ಷದಿಂದ ಇದೇ ನನ್ನ ಹವ್ಯಾಸ. ಅಂಗೈಯಗಲದ ಬಣ್ಣದ ಪತಂಗಗಳ ಮೇಲೆ ನನಗೆ ಅಷ್ಟು ಆಸೆಯಿಲ್ಲ. ಪುಸ್ತಕವೊಂದಿದ್ದರೆ ಅವನ್ನು ಯಾರು ಬೇಕಾದರೂ ಗುರುತಿಸಿಯಾರು. ಅಕ್ಕಿಕಾಳಿನಷ್ಟು ಉದ್ದದ, ಕಂದೋ ಬೂದಿಯೋ ಹೇಳಲಾಗದ, ಮುಟ್ಟಿದರೆ ಬೆರಳಿಗೆ ಪುಡಿಯಾಗಿ ಅಂಟಿಕೊಳ್ಳುವ ಸಣ್ಣವೇ ನನ್ನವು. "ನಮ್ಮನೆಯವರು ಧೂಳಿಗೂ ಹೆಸರಿಡ್ತಾರೆ" ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ.

ಹೊಟ್ಟೆಪಾಡಿಗೆ ಮಾಡುವುದು ನೀರು ಪರೀಕ್ಷೆ. ಬಾವಿ, ಬೋರ್‌ವೆಲ್, ಮನೆ ಟ್ಯಾಂಕುಗಳ ನೀರು ನಮ್ಮ ಪ್ರಯೋಗಾಲಯಕ್ಕೆ ಬರುತ್ತದೆ. ಅಲ್ಲಿ ಒಂದು ನಿಯಮವಿದೆ: ಒಂದೇ ಬಾಟಲಿ ತಂದರೆ ತೆಗೆದುಕೊಳ್ಳುವುದಿಲ್ಲ. ಮೂರು ಕಡೆಯಿಂದ ಮೂರು ಬಾಟಲಿ ತುಂಬಿಸಿ ತರಬೇಕು. ಒಂದು ಬಾಟಲಿ ಆ ಬಾಟಲಿಯ ಕಥೆ ಹೇಳುತ್ತದೆಯೇ ಹೊರತು ಟ್ಯಾಂಕಿನದ್ದಲ್ಲ. ಬಿಸಿಲಲ್ಲಿ ಬೆವರುತ್ತ ಒಂದೇ ಬಾಟಲಿ ಹಿಡಿದು ಬಂದವರನ್ನು ನಾನೇ ಎಷ್ಟೋ ಸಲ ಬಾಗಿಲಿನಿಂದ ವಾಪಸು ಕಳಿಸಿದ್ದೇನೆ.

ಪತಂಗದವರಿಗೂ ಒಂದು ನಿಯಮವಿದೆ. ನಮ್ಮದೊಂದು ಜಾಲತಾಣ, ಎಲ್ಲೆಲ್ಲಿಂದಲೋ ಜನ ಫೋಟೊ ಹಾಕುತ್ತಾರೆ, ಗೊತ್ತಿದ್ದವರು ಹೆಸರು ಹೇಳುತ್ತಾರೆ. ಸಣ್ಣ ಪತಂಗಗಳಲ್ಲಿ ಎಷ್ಟೋ ಜಾತಿಗಳು ಹೊರಗಿನಿಂದ ನೋಡಲು ಒಂದೇ ಥರ. ಹೊಟ್ಟೆಯ ತುದಿಯನ್ನು ಬಿಡಿಸಿ, ಸೂಕ್ಷ್ಮದರ್ಶಕದಲ್ಲಿ ಒಳಗಿನ ಅಂಗಗಳನ್ನು ನೋಡಿದರೆ ಮಾತ್ರ ಯಾವುದು ಯಾವುದೆಂದು ತಿಳಿಯುತ್ತದೆ. ಅಂಥ ಫೋಟೊ ಬಂದಾಗ "ಗುಂಪಿನವರೆಗೆ ಮಾತ್ರ" ಎಂದು ಬರೆದು ನಿಲ್ಲಿಸಬೇಕು. ಹೊಸಬರಿಗೆ ಅದು ಹಿಡಿಸುವುದಿಲ್ಲ. ಹೆಸರು ಬೇಕೇ ಬೇಕೆಂದು ಹಟ ಹಿಡಿಯುತ್ತಾರೆ, ನಾನು ಕೊಡುವುದಿಲ್ಲ. ಈ ಜಿಗುಟುತನಕ್ಕೆ ಅಲ್ಲಿ ನನಗೆ 'ಗುಂಪಿನ ಮೇಷ್ಟ್ರು' ಎಂಬ ಅಡ್ಡಹೆಸರು ಬಿದ್ದಿದೆ. ನಿಜ ಹೇಳಬೇಕೆಂದರೆ, ಆ ಹೆಸರೆಂದರೆ ನನಗೆ ಒಳಗೊಳಗೇ ಹೆಮ್ಮೆ.

ಅಕ್ಕನ ಫೋಟೊ ಬಂದದ್ದು ಒಂದು ಸೋಮವಾರ, ಊಟದ ಬಿಡುವಿನಲ್ಲಿ. ಅಕ್ಕ ನಾಟಕಮಂದಿರದ ಉಡುಪಿನ ಕೋಣೆಯವಳು. ಇಪ್ಪತ್ತೆಂಟು ವರ್ಷದಿಂದ ರಾಜರಿಗೂ ಕಳ್ಳರಿಗೂ ಬಟ್ಟೆ ಹೊಲಿಯುವುದು, ಒಗೆಸುವುದು, ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕುವುದು ಅವಳದೇ ಕೆಲಸ. ಫೋಟೊದಲ್ಲಿ ಕೋಟಿನ ತೋಳಿನ ಮೇಲೆ ಕೂತ ಒಂದು ಪತಂಗ. ಹಳೆಯ ಹುಲ್ಲಿನ ಬಣ್ಣ, ರೆಕ್ಕೆಯಲ್ಲಿ ಮೂರು ಮಸುಕು ಚುಕ್ಕೆ, ತಲೆಯ ಮೇಲೆ ಕೆದರಿದ ಕೂದಲು. ಹಿಂದೆಯೇ ಫೋನು ಬಂತು.

"ಪುಟ್ಟಾ, ನೋಡಿದ್ಯಾ? ಇದು ಬಟ್ಟೆ ತಿನ್ನೋ ನುಸಿನಾ?"

ನನಗೆ ನಲವತ್ತೊಂಬತ್ತು. ಅವಳಿಗೆ ನಾನು ಇನ್ನೂ ಪುಟ್ಟನೇ.

"ಎಲ್ಲಿ ಸಿಕ್ತು ಅಕ್ಕಾ?"

"ಕೋಣೇಲಿ. ಕಿಟಕಿ ಹತ್ರ. ಮೇಲೆ ಗವಾಕ್ಷೀಲಿ ಪಾರಿವಾಳ ಗೂಡು ಕಟ್ಟಿದೆ, ಅದರ ಕೆಳಗೇ. ನುಸಿ ಆದ್ರೆ ನನ್ನ ಕಥೆ ಮುಗೀತು ನೋಡು. ಉಣ್ಣೆ ಬಟ್ಟೆ ಎಲ್ಲಾ ಆಚೆ ಹಾಕಿಸ್ತೀನಿ ಅಂತ ಮ್ಯಾನೇಜರ್ ಹೋದ ವರ್ಷಾನೇ ಹೇಳಿದ್ದ. ಹೇಳೋ, ಏನದು?"

ನನಗೆ ಗೊತ್ತಿದ್ದದ್ದು ಇಷ್ಟು. ಮೂರು ಚುಕ್ಕೆಯ ಆ ಗುಂಪಿನಲ್ಲಿ ಒಂದು ಜಾತಿ ಹಕ್ಕಿಗೂಡಿನ ಕಸ, ಗರಿ ತಿಂದು ಬದುಕುತ್ತದೆ. ಇನ್ನೊಂದು ಉಣ್ಣೆ ಬಟ್ಟೆ ತಿನ್ನುತ್ತದೆ. ಗೂಡಿನದಕ್ಕೆ ತಲೆಕೂದಲು ತಿಳಿ ಹಳದಿ, ಬಟ್ಟೆಯದಕ್ಕೆ ಕಂದು. ಆದರೆ ಅಕ್ಕನ ಕೋಣೆಯ ಹಳದಿ ಬಲ್ಬಿನ ಕೆಳಗೆ ನನ್ನ ಬಿಳಿ ಅಂಗಿಯೂ ಹಳದಿಯೇ. ಬೇರೆ ಯಾರೇ ಆ ಫೋಟೊ ಹಾಕಿದ್ದರೂ ನಾನು ಎರಡು ಸೆಕೆಂಡಿನಲ್ಲಿ "ಗುಂಪಿನವರೆಗೆ ಮಾತ್ರ" ಎಂದು ಬರೆದು ಮುಂದೆ ಹೋಗುತ್ತಿದ್ದೆ.

ಆಚೆ ಕಡೆ ಅಕ್ಕನ ಉಸಿರು ಕೇಳುತ್ತಿತ್ತು. ಚಿಕ್ಕಂದಿನಲ್ಲಿ ಪರೀಕ್ಷೆಯ ಫಲಿತಾಂಶ ನೋಡಲು ಅವಳೇ ನನ್ನ ಕೈ ಹಿಡಿದುಕೊಂಡು ಹೋಗುತ್ತಿದ್ದಳು. ಹನ್ನೊಂದು ವರ್ಷದಲ್ಲಿ ನನ್ನ ಪತಂಗದ ವಿದ್ಯೆ ನಮ್ಮವರಲ್ಲಿ ಯಾರಿಗಾದರೂ ಬೇಕಾಗಿದ್ದು ಅದೇ ಮೊದಲು. ಗೂಡು ಬೇರೆ ಮೇಲೆಯೇ ಇದೆ.

"ಗೂಡಿನದು ಅಕ್ಕಾ, ನೂರಕ್ಕೆ ತೊಂಬತ್ತೈದು" ಎಂದೆ. "ಗೂಡು ತೆಗೆಸು, ಹೋಗುತ್ತೆ."

"ಗೂಡಿನದಾ? ಅಬ್ಬ! ಒಂದು ಸಾಲು ಬರೆದು ಕಳ್ಸು, ಅವನಿಗೆ ತೋರಿಸ್ಬೇಕು."

ಬರೆದು ಕಳಿಸಿದೆ. ಬರೆಯುವಾಗ ತೊಂಬತ್ತೈದು ಬಿಟ್ಟುಹೋಯಿತು. ಚಿಕ್ಕದಾಗಿರಲಿ ಎಂದುಕೊಂಡೆನೋ ಏನೋ.

ಸಂಜೆ ಅವಳು ಮತ್ತೆ ಫೋನು ಮಾಡಿ ನಗುತ್ತ ವರದಿ ಒಪ್ಪಿಸಿದಳು. "ನಿಮ್ಮ ತಮ್ಮ ಡಾಕ್ಟ್ರಾ ಅಂತ ಕೇಳಿದ. ಇಲ್ಲಪ್ಪ, ಹುಳ ನೋಡ್ತಾನೆ ಅಂದೆ. ಹಾಗಾದ್ರೆ ಡಾಕ್ಟ್ರಿಗಿಂತ ವಾಸಿ, ಬಿಲ್ಲು ಮಾಡಲ್ಲ ಅಂದ." ಆ ಪತಂಗವನ್ನು ಅವಳು ಗುಂಡಿ ತುಂಬಿಡುವ ಪುಟ್ಟ ಡಬ್ಬಿಯಲ್ಲಿ ಹಾಕಿಟ್ಟಿದ್ದಳಂತೆ. "ನಿನಗೆ ಅಂತ ಇಟ್ಟಿದೀನಿ, ನಿನ್ನ ಹುಟ್ಟಿದಬ್ಬಕ್ಕೆ."

ಗೂಡು ತೆಗೆಸಿದರು. ಗವಾಕ್ಷಿಗೆ ತಂತಿಬಲೆ ಹೊಡೆಸಿದರು. ನಾನು ಮರೆತೆ.

ಏಳು ವಾರವಾದ ಮೇಲೆ, ಬೆಳಿಗ್ಗೆ ನಾನು ಸ್ಕೂಟರ್ ಹೊರಗೆ ತೆಗೆಯುತ್ತಿದ್ದಾಗ, ಅಕ್ಕನ ಫೋನು.

"ಬಾ" ಎಂದಳು.

"ಏನಾಯ್ತಕ್ಕಾ?"

"ಬಾ ಅಂದ್ನಲ್ಲ."

ಉಡುಪಿನ ಕೋಣೆ ರಂಗದ ಹಿಂದಿನ ಓಣಿಯ ಕೊನೆಗಿದೆ. ಉದ್ದನೆಯ ಕೋಣೆ, ಎರಡೂ ಬದಿ ಕಬ್ಬಿಣದ ಕಂಬಿಗಳಿಗೆ ಹ್ಯಾಂಗರುಗಳು, ನಡುವೆ ಹೊಲಿಗೆ ಯಂತ್ರ, ಕತ್ತರಿಸುವ ಮೇಜು. ಒಂದೊಂದು ಹ್ಯಾಂಗರಿನ ಕುತ್ತಿಗೆಗೂ ಅಕ್ಕನ ಕೈಬರಹದ ಚೀಟಿ: ನ್ಯಾಯಾಧೀಶ, ಎರಡನೇ ಅಂಕ. ವಿಧವೆ. ಸೇನಾಪತಿ, ಸತ್ತ ಮೇಲೆ. ನಾನು ಹೋದಾಗ ಅವಳು ಮೇಜಿನ ಮೇಲೆ ನ್ಯಾಯಾಧೀಶನ ಕಪ್ಪು ಕೋಟನ್ನು ಬೋರಲು ಹಾಕಿಕೊಂಡು ನಿಂತಿದ್ದಳು. ಕಾಲರನ್ನು ತಿರುಗಿಸಿದಳು.

ಕಾಲರಿನ ಅಡಿ ಉಣ್ಣೆ ಸವೆದು ನೇಯ್ಗೆ ಬರಿದಾಗಿತ್ತು. ಅಲ್ಲಿ ಎಳ್ಳಿಗಿಂತ ಸ್ವಲ್ಪ ಉದ್ದನೆಯ, ಎರಡೂ ತುದಿ ತೆರೆದ ರೇಷ್ಮೆ ಚೀಲಗಳು. ಕೋಟಿನ ಕಪ್ಪು ನೂಲನ್ನೇ ಸೇರಿಸಿ ಮಾಡಿಕೊಂಡದ್ದರಿಂದ ಅವೂ ಕಪ್ಪು. ಒಂದನ್ನು ಸೂಜಿಯಿಂದ ಮುಟ್ಟಿದೆ. ಅದು ತಲೆ ಹೊರಗೆ ಹಾಕಿ, ಚೀಲವನ್ನು ಎಳೆದುಕೊಂಡು, ಹೊಲಿಗೆಯ ಉದ್ದಕ್ಕೆ ನಡೆದುಹೋಯಿತು.

ಸೂಜಿಯನ್ನು ಮೇಜಿನ ಮೇಲಿಟ್ಟೆ.

"ಇನ್ನೆಷ್ಟರಲ್ಲಿದೆ?"

"ಎಷ್ಟರಲ್ಲಿ ಇಲ್ಲ ಅಂತ ಕೇಳು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ತೊಂದರೆಯಾಗಿತ್ತು. "ಮೊದಲು ಆ ಪೆಟ್ಟಿಗೇಲಿ ಕಾಣಿಸ್ತು. ಆಮೇಲೆ ಈ ಕಂಬಿ, ಆ ಕಂಬಿ."

"ಯಾವ ಪೆಟ್ಟಿಗೆ?"

"ಅದೇ, ಮುಚ್ಚಿಹೋದ ನಾಟಕ ಕಂಪನಿಯವರು ಕೊಟ್ರಲ್ಲ, ಸೈನಿಕರ ಕೋಟು. ಮಳೆಗಾಲಕ್ಕೆ ಮೊದಲು ಬಂತು."

ಕೋಣೆಯ ತುದಿಯಲ್ಲಿ, ಬಾಗಿಲ ಹಿಂದೆ, ಮರದ ದೊಡ್ಡ ಪೆಟ್ಟಿಗೆಯಿತ್ತು. ಕಿಟಕಿಯಿಂದ ಹತ್ತು ಹೆಜ್ಜೆ ದೂರ. ಏಳು ವಾರದ ಹಿಂದೆ ನಾನು ಒಂದೇ ಒಂದು ಪ್ರಶ್ನೆ ಕೇಳಬೇಕಿತ್ತು: ಬೇರೆ ಎಲ್ಲಾದರೂ ಇದೆಯಾ, ಇನ್ನೆರಡು ಹಿಡಿದು ಕಳಿಸುತ್ತೀಯಾ? ನೀರಿನವರನ್ನು ದಿನಾ ಕೇಳುವ ಪ್ರಶ್ನೆ ಅದು. ಕಿಟಕಿಯದೊಂದು ಬಾಟಲಿ, ಕೋಣೆಯ ನಡುವಿನದೊಂದು, ಬಾಗಿಲ ಹಿಂದಿನದೊಂದು. ಆಗ ನುಸಿ ಪೆಟ್ಟಿಗೆಯೊಳಗೇ ಇದ್ದಿರಬೇಕು. ಪೆಟ್ಟಿಗೆ ಹೊರಗಿಟ್ಟಿದ್ದರೆ ಸಾಕಿತ್ತು.

"ಇದು ಯಾವುದು ಪುಟ್ಟಾ? ಗೂಡಿನದಾ?"

ಇಲ್ಲೂ ಹೇಳುವಂತಿರಲಿಲ್ಲ. ಎರಡೂ ಜಾತಿಯ ಮರಿಗಳು ಇಂಥದೇ ಚೀಲ ಹೊತ್ತು ತಿರುಗುತ್ತವೆ. ಹಾರುತ್ತಿದ್ದ ನಾಲ್ಕನ್ನು ಹಿಡಿದೆ. ಬಟ್ಟೆಗಳ ನಡುವೆ ಉಜ್ಜಿ ಉಜ್ಜಿ ಅವುಗಳ ಚುಕ್ಕೆಯೂ ಹೋಗಿ ತಲೆಕೂದಲೂ ಉದುರಿತ್ತು.

"ಗೊತ್ತಿಲ್ಲಕ್ಕಾ. ಕಳಿಸಿ ನೋಡ್ಬೇಕು."

"ಈಗ ಗೊತ್ತಿಲ್ವಾ" ಎಂದಳು. ಅಷ್ಟೇ.

ಮ್ಯಾನೇಜರ್ ಬಂದ. ಕೆಟ್ಟ ಮನುಷ್ಯನಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಕೋಟನ್ನು ನೋಡಿ ತಲೆಯ ಮೇಲೆ ಕೈ ಹೊತ್ತುಕೊಂಡು ಸ್ಟೂಲಿನ ಮೇಲೆ ಕುಕ್ಕರಿಸಿದ.

"ಮೇಡಂ, ನನ್ನ ಪರದೆ ಉಣ್ಣೇದು. ಸೀಟಿನ ಬಟ್ಟೆ ಅರ್ಧ ಉಣ್ಣೆ. ಇದು ಓಣಿ ದಾಟಿದ್ರೆ ನಾನು ಏನು ಮಾಡ್ಲಿ ಹೇಳಿ. ಹುಳದ ಔಷಧದವನನ್ನ ಕರೆಸಿದ್ದೆ. ಗ್ಯಾಸ್ ಹಾಕ್ಬೇಕಾದ್ರೆ ಇಡೀ ಕಟ್ಟಡ ಒಂದು ವಾರ ಮುಚ್ಚಿ ಅಂತಾನೆ. ಬರೋ ಸೋಮವಾರ ಹೊಸ ನಾಟಕ ಇದೆ."

"ಯಾವ ಜಾತಿ ಅಂತ ಅವನು ನೋಡಿದನಾ?" ಎಂದು ಕೇಳಿದೆ.

ಮ್ಯಾನೇಜರ್ ನನ್ನನ್ನು ಆಗ ತಾನೇ ಗಮನಿಸಿದವನಂತೆ ತಿರುಗಿದ. "ನೀವೇನಾ ತಮ್ಮ? ಜಾತಿ ಕಟ್ಕೊಂಡು ಏನ್ ಮಾಡ್ಲಿ ಸ್ವಾಮಿ? ತಿಂತಾ ಇದೆ ಅಲ್ವಾ?"

ಹಿಡಿದಿದ್ದ ನಾಲ್ಕು ಪತಂಗಗಳ ಕೊಳವೆಗಳನ್ನು ಜೇಬಿಗೆ ಹಾಕಿಕೊಂಡೆ.

ಶುಕ್ರವಾರದವರೆಗೆ ಸಮಯ ಕೊಟ್ಟ. ಉಣ್ಣೆಯದೆಲ್ಲ ಅಂದು ಹೊರಗೆ. ನಾನು ಲೆಕ್ಕ ಹಾಕಿದೆ: ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ ಹದಿನೈದು ದಿನ ಇಟ್ಟರೆ ಮೊಟ್ಟೆಯಿಂದ ಹಿಡಿದು ಎಲ್ಲವೂ ಸಾಯುತ್ತವೆ. ಬಟ್ಟೆಗೆ ಏನೂ ಆಗುವುದಿಲ್ಲ. ಮುನ್ನೂರ ಹನ್ನೆರಡು ಉಡುಪುಗಳು. ಬೇಕಾಗಿದ್ದು ಒಂದು ದೊಡ್ಡ ಶೀತಕೋಣೆ.

ಮಂಗಳವಾರ ನಮ್ಮ ಪ್ರಯೋಗಾಲಯದ ಮುಖ್ಯಸ್ಥರ ಮುಂದೆ ನಿಂತೆ. "ಕುಡಿಯೋ ನೀರಿನ ಮಾದರಿ ಪಕ್ಕ ಹುಳ ಹಿಡಿದ ಕೋಟಾ? ತಲೆಗಿಲೆ ಕೆಟ್ಟಿದ್ಯಾ?" ಎಂದರು. ಗೋಡೆಯ ಮೇಲಿನ ಹಾಳೆಯನ್ನು ಬೆರಳು ಮಾಡಿ ತೋರಿಸಿದರು. 'ಶೀತಪೆಟ್ಟಿಗೆಯಲ್ಲಿ ಹೊರಗಿನ ವಸ್ತುಗಳನ್ನು ಇಡತಕ್ಕದ್ದಲ್ಲ.' "ಬರೆದವನು ನೀನೇ ಕಣಯ್ಯ."

ಬುಧವಾರ ಐಸ್‌ಕ್ರೀಂ ಗೋದಾಮಿನವನ ಹತ್ತಿರ ಹೋದೆ. ಪೂರ್ತಿ ಕೇಳಿಸಿಕೊಂಡ. "ಒಳ್ಳೆ ಮನುಷ್ಯನ ಥರ ಕಾಣ್ತೀರ. ನಿಮ್ಮ ಹುಳದ್ದು ಒಂದು ಕಾಲು ನನ್ನ ಡಬ್ಬೀಲಿ ಸಿಕ್ಕಿದ್ರೆ ಏನಾಗುತ್ತೆ ಗೊತ್ತಾ? ಹೋಗಿ ಬನ್ನಿ" ಎಂದ. ಒಂದು ಕಪ್ ಐಸ್‌ಕ್ರೀಂ ಕೈಗಿಟ್ಟು ಕಳಿಸಿದ. ಅದು ಕರಗುತ್ತಿದ್ದಂತೆ ಸ್ಕೂಟರಿನ ಪಕ್ಕ ನಿಂತೇ ಇದ್ದೆ. ಮೀನಿನ ಗೋದಾಮಿನವರು ಫೋನಿನಲ್ಲೇ ನಕ್ಕರು.

ಈ ಓಡಾಟದ ನಡುವೆಯೇ ಮಾದರಿಗಳನ್ನು ಕಳಿಸಿದೆ. ನಮ್ಮ ಜಾಲತಾಣದಲ್ಲಿ ಒಬ್ಬರು ಹಿರಿಯರಿದ್ದಾರೆ. ಜೀವನವಿಡೀ ಕೈಗಡಿಯಾರ ರಿಪೇರಿ ಮಾಡಿದವರು, ಈಗ ಅದೇ ಚಿಮಟ, ಅದೇ ಕಣ್ಣುಗಾಜಿನಿಂದ ಪತಂಗಗಳ ಹೊಟ್ಟೆ ಬಿಡಿಸುತ್ತಾರೆ. ಅವರಿಗೆ ಐದು ಕೊಳವೆ ಹಾಕಿ ಅಂಚೆಗೆ ಕೊಟ್ಟೆ: ಬಟ್ಟೆಗಳ ನಡುವೆ ಹಿಡಿದ ನಾಲ್ಕು, ಅಕ್ಕನ ಗುಂಡಿ ಡಬ್ಬಿಯಲ್ಲಿದ್ದ ಮೊದಲಿನದೊಂದು. ಯಾಕೆ ಕಳಿಸಿದೆ? ಫಲಿತಾಂಶ ಬರುವ ಹೊತ್ತಿಗೆ ಶುಕ್ರವಾರ ದಾಟಿರುತ್ತದೆಂದು ಗೊತ್ತಿತ್ತು. ಬೇರೆ ಏನು ಮಾಡಬೇಕೆಂದು ತೋಚಲಿಲ್ಲ. ನನಗೆ ಬರುವುದು ಅದೊಂದೇ.

ಗುರುವಾರ ಸಂಜೆ ಮನೆಗೆ ಬಂದರೆ ಅಡುಗೆಮನೆಯ ಕಟ್ಟೆಯ ಮೇಲೆ ನನ್ನ ಕೊಳವೆಗಳೆಲ್ಲ ಸಾಲಾಗಿದ್ದವು. ಫ್ರಿಜ್ಜಿನ ಮೇಲಿನ ಖಾನೆಯಿಂದ ಬಟಾಣಿ ಪೊಟ್ಟಣ, ಐಸಿನ ತಟ್ಟೆ ಎಲ್ಲ ಹೊರಗೆ ಬಂದಿತ್ತು. ಹೆಂಡತಿ ಒದ್ದೆ ಬಟ್ಟೆ ಹಿಡಿದು ಒಳಗೆ ಒರೆಸುತ್ತಿದ್ದಳು.

"ರೀ, ಇದರಲ್ಲಿ ಎಷ್ಟು ಹಿಡಿಯುತ್ತೆ?"

"ಏನು?"

"ಕೋಟು ರೀ. ಅತ್ತಿಗೇದು."

ಕೈಯಿಂದ ಅಳೆದು ನೋಡಿದೆ. "ಒಂದು. ಚಿಕ್ಕದಾದ್ರೆ."

"ಒಂದು ಅಂದ್ರೆ ಒಂದು. ಕೇಳಿ ಅವರನ್ನ ಯಾವುದು ಅಂತ." ಮತ್ತೆ ಒರೆಸತೊಡಗಿ, "ನಾನು ಕೇಳಲ್ಲ ಬಿಡಿ. ನೀವೇ ಕೇಳಿ" ಎಂದಳು.

ಕೇಳುವುದು ನಾನು ಅಂದುಕೊಂಡದ್ದಕ್ಕಿಂತ ಕಷ್ಟವಾಯಿತು. ಮುನ್ನೂರ ಹನ್ನೆರಡರಲ್ಲಿ ಒಂದನ್ನು ಆರಿಸು ಎಂದು ಹೇಗೆ ಹೇಳುವುದು? ಶುಕ್ರವಾರ ರಜೆ ಹಾಕಿ ಮಂದಿರಕ್ಕೆ ಹೋದೆ. ಇಬ್ಬರು ಹಮಾಲಿಗಳು ಆಗಲೇ ದೊಡ್ಡ ಪ್ಲಾಸ್ಟಿಕ್ ಚೀಲಗಳಿಗೆ ಕೋಟು ತುಂಬಿ ಬಾಯಿ ಕಟ್ಟುತ್ತಿದ್ದರು. ಹ್ಯಾಂಗರಿನಿಂದ ತೆಗೆಯುವ ಕೆಲಸವನ್ನು ಅಕ್ಕ ಯಾರಿಗೂ ಬಿಟ್ಟಿರಲಿಲ್ಲ. ಒಂದೊಂದನ್ನೇ ತೆಗೆದು, ಗುಂಡಿ ಹಾಕಿ, ತೋಳು ಮಡಚಿ ಕೊಡುತ್ತಿದ್ದಳು.

"ಅಮ್ಮಾ, ಎಸೆಯೋದಕ್ಕೆ ಯಾಕೆ ಮಡಚ್ತೀರಾ?" ಎಂದ ಒಬ್ಬ.

"ನಿನಗೇನಪ್ಪ ಅವಸರ? ಸೇನಾಪತಿ ಇವನು, ಮುದುರಿ ಹಾಕೋಕಾಗುತ್ತಾ" ಎಂದಳು. ಅವರು ನಕ್ಕರು. ಅವಳೂ ನಕ್ಕಳು.

ಫ್ರಿಜ್ಜಿನ ವಿಷಯ ಹೇಳಿದೆ. ಅವಳು ಯೋಚಿಸಲೂ ಇಲ್ಲ. ಕೊನೆಯ ಕಂಬಿಯಿಂದ ಕೋಡಂಗಿಯ ತೋಳಿಲ್ಲದ ಕೋಟನ್ನು ತೆಗೆದಳು. ಬೇರೆ ಉಡುಪುಗಳನ್ನು ಕತ್ತರಿಸಿ ಉಳಿದ ಚೂರುಗಳಿಂದ ಮಾಡಿದ್ದು: ನ್ಯಾಯಾಧೀಶನ ಕಪ್ಪು, ಸೇನಾಪತಿಯ ಕೆಂಪು, ಯಾವುದೋ ರಾಣಿಯ ಹಸಿರು. ಅಂಗೈಯಗಲದ ತುಂಡುಗಳು, ಒಂದರ ಪಕ್ಕ ಒಂದು.

"ಇದು ಚಿಕ್ಕದು" ಎಂದಳು. "ಹಿಡಿಯುತ್ತೆ."

ಮಧ್ಯಾಹ್ನ ಮೂರಕ್ಕೆ ಲಾರಿ ಹೋಯಿತು. ಕೋಣೆಯಲ್ಲಿ ಹತ್ತಿ ಬಟ್ಟೆಗಳದೊಂದು ಕಂಬಿ ಉಳಿಯಿತು. ಖಾಲಿ ಹ್ಯಾಂಗರುಗಳು ಗಾಳಿಗೆ ಒಂದಕ್ಕೊಂದು ತಾಗುತ್ತಿದ್ದವು. ಚೀಟಿಗಳನ್ನು ಅವಳು ಬಿಚ್ಚಿರಲಿಲ್ಲ.

ಗಡಿಯಾರದ ಹಿರಿಯರ ಫೋನು ಬಂದದ್ದು ಮರುದಿನ. ನಾನು ಪ್ರಯೋಗಾಲಯದಲ್ಲಿ ಬಾಟಲಿಗಳಿಗೆ ಸಂಖ್ಯೆ ಬರೆಯುತ್ತಿದ್ದೆ.

"ಮೇಷ್ಟ್ರೇ, ನಾಲ್ಕೂ ಬಟ್ಟೇವೇ. ಅನುಮಾನವೇ ಇಲ್ಲ" ಎಂದರು. ಹೌದು ಎನ್ನುವಂತೆ ತಲೆಯಾಡಿಸಿದೆ, ಫೋನಿನಲ್ಲಿ ಕಾಣುವುದಿಲ್ಲವೆಂಬುದನ್ನು ಮರೆತು.

"ಆದ್ರೆ ಆ ಐದನೇದು, ಡಬ್ಬೀದು. ಫೋಟೊ ನೋಡಿ ನೀವು ಏನಂದಿದ್ರಿ ಅದಕ್ಕೆ?"

"ಗೂಡಿನದು ಅಂತ."

"ಗೂಡಿನದೇ! ಎರಡು ಸಲ ನೋಡ್ದೆ. ಬರೀ ಫೋಟೊ ನೋಡಿ, ಅದೂ ಆ ದರಿದ್ರ ಬೆಳಕಲ್ಲಿ! ನನ್ನ ಕೈಲೂ ಆಗ್ತಿರ್ಲಿಲ್ಲ. ಭೇಷ್ ಕಣ್ರೀ."

ಕೈಯಲ್ಲಿದ್ದ ಬಾಟಲಿಯನ್ನು ಮೇಜಿನ ಮೇಲಿಟ್ಟೆ. ಕಿಟಕಿಯ ಹತ್ತಿರ ಗೂಡಿನದು, ಬಾಗಿಲ ಹಿಂದೆ ಬಟ್ಟೆಯದು. ಒಂದೇ ಕೋಣೆಯಲ್ಲಿ ಎರಡೂ ಇದ್ದವು. ನಾನು ಹೆಸರಿಟ್ಟ ಪತಂಗಕ್ಕೆ ಸರಿಯಾದ ಹೆಸರನ್ನೇ ಇಟ್ಟಿದ್ದೆ. ತಪ್ಪಿದ್ದರೆ ತಪ್ಪಿದೆ ಎಂದು ಕಾಲು ಹಿಡಿಯಬಹುದಿತ್ತು. ಸರಿಯಾಗಿದ್ದದ್ದನ್ನು ಹಿಡಿದುಕೊಂಡು ಎಲ್ಲಿಗೆ ಹೋಗುವುದು?

ಅಕ್ಕನಿಗೆ ಹೇಳಬಾರದೆಂದುಕೊಂಡೆ. ಆದರೆ ಭಾನುವಾರ ಅವಳು ಕೋಟು ನೋಡಲು ಮನೆಗೆ ಬಂದಾಗ, ಕಾಫಿ ಲೋಟ ಕೆಳಗಿಡುತ್ತ, ತಾನಾಗಿಯೇ ಕೇಳಿದಳು. "ಅದೇನೋ ಕಳಿಸಿದ್ಯಲ್ಲ, ಏನಂತೆ?"

ಹೇಳಿದೆ. ಅವಳು ಮುಖ ನೋಡುತ್ತ ಕೇಳಿಸಿಕೊಂಡಳು.

"ಹಾಗಾದ್ರೆ ನೀನು ಹೇಳಿದ್ದು ಸರಿ ಇತ್ತು."

"ಆ ಒಂದರ ಮಟ್ಟಿಗೆ."

"ಪಾಪ" ಎಂದಳು. ಅಂದದ್ದು ನನಗೋ ಪತಂಗಕ್ಕೋ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ನನ್ನ ಹೆಂಡತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ನಲ್ಲಿ ಮುಚ್ಚಿದಳು.

ಅಕ್ಕ ಎದ್ದು ಹೋಗಿ ಫ್ರಿಜ್ಜಿನ ಮೇಲಿನ ಬಾಗಿಲು ತೆಗೆದಳು. ಪಾರದರ್ಶಕ ಚೀಲದೊಳಗೆ ಕೋಡಂಗಿಯ ಕೋಟು ಗಟ್ಟಿಯಾಗಿ, ಹಿಮದ ಪುಡಿ ಹಿಡಿದು, ಮಡಚಿದ ಹಾಗೇ ಕೂತಿತ್ತು. ಚೀಲದ ಮೇಲೆ ನಾನು ದಿನಾಂಕ ಬರೆದಿದ್ದೆ. ಅವಳು ಅದನ್ನು ಬೆರಳಿನಿಂದ ಒಮ್ಮೆ ಒತ್ತಿ ನೋಡಿದಳು.

"ಒಳಗಿರೋದು ಸತ್ತಿರುತ್ತಾ?"

"ಹದಿನೈದು ದಿನ ಆಗ್ಲಿ ಅಕ್ಕಾ. ತೆಗೆದು, ಭೂತಗನ್ನಡಿ ಹಿಡಿದು, ಹೊಲಿಗೆ ಹೊಲಿಗೆ ನೋಡಿ ಹೇಳ್ತೀನಿ."

"ಬೇಡ" ಎಂದಳು. ದನಿ ಮೆತ್ತಗಿತ್ತು. "ನೀನು ಏನೂ ಹೇಳ್ಬೇಡ ಪುಟ್ಟಾ. ನನಗೆ ಫೋನ್ ಮಾಡು, ನಾನು ಬಂದು ನೋಡ್ತೀನಿ."

ಬಾಗಿಲು ಹಾಕಿದಳು. ಅದು ಸರಿಯಾಗಿ ಕೂರಲಿಲ್ಲ. ಚೀಲದ ಮೂಲೆ ಸಿಕ್ಕಿಕೊಂಡಿತ್ತು. ಮತ್ತೆ ತೆಗೆದು, ಮೂಲೆಯನ್ನು ಒಳಗೆ ತಳ್ಳಿ, ಅಂಗೈಯಿಂದ ಒತ್ತಿ ಹಿಡಿದುಕೊಂಡು ನಿಂತಳು. ಕಟ್ಟೆಯ ಮೇಲೆ ನನ್ನ ಕೊಳವೆಗಳು ಪತಂಗಗಳ ಸಮೇತ ಹಾಗೇ ಇದ್ದವು. ಮೂರು ದಿನದಿಂದ ಅವುಗಳನ್ನು ತೆರೆಯುವುದು ನನಗೆ ನೆನಪಾಗಿರಲಿಲ್ಲ.